ಮೂವತ್ತೊಂದನೇ ನಂಬರಿನ ಸ್ಪೋವ್

ಓದಿ ಮುಗಿಯಿತೇ, ಗುಮಾಸ್ತರೇ?
ಫ್ರಿಗೇಟ್ ಟ್ಯಾರ್ನನ್, ಮೂವತ್ತಾರು ತೋಪು,
ನೀರಿಗಿಳಿದದ್ದು ಅರವತ್ತೇಳರ ಮೇ ತಿಂಗಳು,
ಮೂರು ಸಲ ರಿಪೇರಿ, ಒಂದು ಯುದ್ಧ,
ಈಗ ಒಡೆಯಲು ಹುಕುಂ.
ಒಂದೂವರೆ ಪುಟ. ಅಕ್ಷರ ಮುದ್ದಾಗಿದೆ,
ಓದು ಬಾರದವಳಿಗೂ ಅಷ್ಟು ಕಾಣುತ್ತದೆ.

ನಿಮ್ಮ ಲೆಕ್ಕದಲ್ಲಿ ಅದು ಹುಟ್ಟಿದ್ದು ಕಾರ್ಲ್ಸ್‌ಕ್ರೂನಾದ ಈ ಕಟ್ಟೆಯಲ್ಲಿ.
ನನ್ನ ಲೆಕ್ಕದಲ್ಲಿ, ಅಪ್ಪನ ರೈ ಹೊಲದ ನಡುವೆ.
ಓಕ್ ಮರ ರಾಜನದು, ನೆರಳು ನಮ್ಮದು;
ಆ ನೆರಳಲ್ಲಿ ಒಂದು ತೆನೆ ಬಲಿಯುತ್ತಿರಲಿಲ್ಲ.
ಅಪ್ಪ ರಾತ್ರಿ ಎದ್ದು ಓಕ್ ಸಸಿಗಳ ಬುಡಕ್ಕೆ
ಕುದಿನೀರು ಹೊಯ್ಯುತ್ತಿದ್ದ.
ದೊಡ್ಡ ಮರಕ್ಕೆ ಏನೂ ಮಾಡಲಾಗಲಿಲ್ಲ.
ಕಿರೀಟದ ಮುದ್ರೆಯ ಸುತ್ತಿಗೆಯವರು ಬಂದು
ಕಡಿದು ಎಳೆದೊಯ್ದ ದಿನ
ಅಪ್ಪ ಕೊರಡಿನ ಮೇಲೆ ಕೂತು ರೊಟ್ಟಿ ತಿಂದ, ನಗುತ್ತ.

ಪೀಡೆ ತೊಲಗಿತು ಅಂದುಕೊಂಡಿದ್ದೆವು.

ಮೂವತ್ತೊಂದನೇ ನಂಬರಿನ ಗುಡಿಸಲಿಗೆ ಯಾರು ಬಂದರೂ
ಹೆಸರು ಸ್ಪೋವ್.
ನಾಲ್ಕು ಮನೆ ರೈತರು ಸೇರಿ ಒಬ್ಬ ನಾವಿಕನನ್ನು ಸಾಕಬೇಕು:
ಒಂದು ಸೂರು, ಒಂದು ಹಸು, ಒಂದು ಹೆಸರು.
ಅವನು ಸತ್ತರೆ ಹಸು ಉಳಿಯುತ್ತದೆ, ಹೆಸರೂ.
ಹೆಂಡತಿ ಮಾತ್ರ ಗಂಟು ಕಟ್ಟಬೇಕು
ಇಲ್ಲವೇ ಮುಂದಿನ ಸ್ಪೋವನನ್ನು ಕಟ್ಟಿಕೊಳ್ಳಬೇಕು.
ನಾನು ಗಂಟು ಕಟ್ಟಲಿಲ್ಲ.

ಹೋಕನ್ ಮೊದಲನೆಯವನು.
ಕಾದಿಸ್‌ನಿಂದ ಉಪ್ಪು ತರುವ ಹಡಗುಗಳಿಗೆ
ಕಾವಲು ಹೋಯಿತು ಎಂದಿದೆ. ಸರಿ.
ನಡುಗಂಬದ ಅಡ್ಡಗೋಲಿನಿಂದ ಒಬ್ಬ ಬಿದ್ದ ಎಂದಿಲ್ಲ.
ಆ ವರ್ಷ ಊರ ಹೆರಿಂಗ್ ಮೀನಿಗೆಲ್ಲ ಅದೇ ಉಪ್ಪು.
ಯಾರ ಉಪ್ಪು, ಯಾರ ಋಣ?
ನಾನು ಒಂದು ಚಳಿಗಾಲ ಸಪ್ಪೆ ತಿಂದೆ.

ಟ್ರುಲ್ಸ್ ಒಳ್ಳೆಯವನೇನಲ್ಲ.
ಕುಡಿದರೆ ಕೈ ಮಾಡುವವನು,
ಕುಡಿಯದ ದಿನ ಮಗಳಿಗೆ ಹಗ್ಗದ ಗಂಟು ಕಲಿಸುವವನು.
ಎಂಬತ್ತೆಂಟರ ಯುದ್ಧ ನಿಮ್ಮ ಪುಟದಲ್ಲಿ ಆರು ಸಾಲು:
ಕೊಲ್ಲಿ, ಹೊಗೆ, ಒಡಲಿಗೆ ಇಪ್ಪತ್ತೆರಡು ಗುಂಡು,
ಕ್ಯಾಪ್ಟನ್ನಿಗೆ ಪದಕ.
ಟ್ರುಲ್ಸ್‌ಗೆ ಒಂದು ಗೀರೂ ಬೀಳಲಿಲ್ಲ.
ಬಂದರಿಗೆ ಮರಳಿದ ಮೇಲೆ ಜ್ವರ,
ಹೇನಿನ ಸಮೇತ, ಹಡಗು ಹಡಗೇ ಮಲಗಿತು.
ನೆಲ ಕಲ್ಲಾಗಿತ್ತು, ಹಾರೆ ಇಳಿಯುತ್ತಿರಲಿಲ್ಲ,
ಹಗ್ಗ ಹೊಸೆಯುವ ಉದ್ದನೆಯ ಮನೆಯಲ್ಲಿ
ಹೆಣಗಳನ್ನು ಸಾಲಾಗಿ ಇಟ್ಟಿದ್ದರು.
ಆ ತುದಿಯಿಂದ ಈ ತುದಿಗೆ ನಡೆದೆ.
ಮುಖದಿಂದ ಗುರುತು ಹತ್ತಲಿಲ್ಲ.
ಕೊರಳ ವಸ್ತ್ರಕ್ಕೆ ಮಗಳು ಹಾಕಿದ್ದ ಗಂಟು,
ತಪ್ಪು ಗಂಟು, ಎಡಗೈಯವಳು ಅವಳು.

ಸ್ವೆನ್ನಿಂಗ್ ಬಂದಾಗ ಹಡಗೇ ಮುದಿಯಾಗಿತ್ತು.
ಕಂಬ ಕಿತ್ತು, ತೋಪು ಇಳಿಸಿ, ಕಟ್ಟಿ ನಿಲ್ಲಿಸಿದ್ದಿರಿ;
"ಮೀಸಲು" ಅಂತ ಬರೆದಿದ್ದೀರಿ, ಹನ್ನೆರಡು ವರ್ಷ.
ಆ ಹನ್ನೆರಡು ವರ್ಷವೂ ಅವನು ಪಂಪು ಒತ್ತಿದ.
ಸಮುದ್ರ ಒಳಗೆ ಬರುತ್ತಿತ್ತು, ಅವನು ಹೊರಗೆ ಹಾಕುತ್ತಿದ್ದ,
ರಾತ್ರಿ ಹಾಸಿಗೆಯಲ್ಲೂ ಅವನ ತೋಳು ಮೇಲೆ ಕೆಳಗೆ.
ಎಲ್ಲಿಗೂ ಹೋಗದ ಹಡಗಿನಲ್ಲಿ
ಅಷ್ಟು ದಣಿದವನನ್ನು ನಾನು ಕಂಡಿಲ್ಲ.
ಹೋದ ಅಕ್ಟೋಬರಿನಲ್ಲಿ ಎದೆ ಕಟ್ಟಿ ಹೋದ.

ನಿಮ್ಮ ಹಾಜರಿ ಪುಸ್ತಕ ತೆರೆದು ನೋಡಿ:
ಸ್ಪೋವ್, ನಂಬರು ಮೂವತ್ತೊಂದು, ಮೂವತ್ತೈದು ವರ್ಷ.
ಒಬ್ಬನೇ ದುಡಿದಂತಿದೆ. ಗಟ್ಟಿ ಆಳು.
ಪದಕ ಕೊಡಬಹುದಿತ್ತು.

ನಿನ್ನೆ ಹೊಸ ಸ್ಪೋವ್ ಬಂದ. ಇಪ್ಪತ್ತು ದಾಟಿಲ್ಲ,
ಹೆಗಲ ಮೇಲೆ ಪೆಟ್ಟಿಗೆ, ಮೂಗಿನ ತುದಿ ಕೆಂಪು.
ಹಸುವಿನ ಹೆಸರು ಕೇಳಿದ, ಹಡಗಿನದು ಕೇಳಲಿಲ್ಲ.
ನನಗೆ ಐವತ್ತೈದು.
ಅಂಬಲಿ ಬಡಿಸಿ, ಅಟ್ಟದ ಮೇಲೆ ಹಾಸಿಗೆ ತೋರಿಸಿದೆ.

ನಾಲ್ಕು ತಿಂಗಳ ಬಾಕಿ ಬರಬೇಕು.
ಬೊಕ್ಕಸ ಬರಿದು ಅನ್ನುವಿರಾದರೆ, ಅಗೋ, ಆ ರಾಶಿಯಿಂದ
ಒಂದು ಗಾಡಿ ಸೌದೆ ಕೊಡಿ.
ತಾಮ್ರದ ಮೊಳೆ ತಿಂದ ಓಕ್ ಹಸಿರಾಗಿ ಉರಿಯುತ್ತದಂತೆ.
ಅಪ್ಪನ ಹೊಲದ್ದೋ ಇನ್ನಾರದೋ, ಒಲೆಗೆ ಗೊತ್ತಾಗದು.
ರಸೀದಿಗೆ ಸಿಸ್ಸಾ ಎಂದು ಬರೆಯಿರಿ.
ಅಷ್ಟೇ. ಮುಂದೆ ಏನೂ ಸೇರಿಸಬೇಡಿ.